ಕಣ್ಣೆದುರಿಗೆ ನಿಂತ ಕರಾರು

'ಒಪ್ಪಿದೆ' ಎಂಬ ಗುಂಡಿಯನ್ನು ಓದದೆ ಒತ್ತುವುದರಲ್ಲಿ ನನ್ನನ್ನು ಮೀರಿಸುವವರು ಕೋಲಾರದಲ್ಲಿ ಇರಲಿಕ್ಕಿಲ್ಲ. ಮದುವೆಗೂ ಹಾಗೇ ಒಪ್ಪಿದ್ದೆಂದು ಮನೆಯವಳು ಹೇಳುತ್ತಾಳೆ. ಇಂಥ ನಾನೇ ಒಮ್ಮೆ ಒಂದು ಕರಾರನ್ನು ಒಂದಕ್ಷರ ಬಿಡದೆ ಓದಿದೆ.

ಕಾಲೇಜಿನ ಲ್ಯಾಬಿನಲ್ಲಿ ನಾನೂ ಸಹೋದ್ಯೋಗಿ ಮಂಜುನಾಥನೂ, ಯಾರು ಬೇಕಾದರೂ ಬಳಸಬಹುದಾದ ಕಂಪ್ಯೂಟರ್ ಕೋಡಿನಿಂದ ಒಂದು ಬ್ರೌಸರ್ ಕಟ್ಟಿದ್ದೆವು. ಕಣ್ಣು ಪೂರ್ತಿ ಮುಚ್ಚಿ ಬೇರೆ ಲೋಕ ತೋರಿಸುವ ವಿಆರ್ ಕನ್ನಡಕ ಹಾಕಿಕೊಂಡು ಶಾಲೆಯ ಮಕ್ಕಳು ಅದರಲ್ಲಿ ಚಂದ್ರನ ಮೇಲೆ ಓಡಾಡಲಿ ಎಂಬ ಆಸೆ. ಕನ್ನಡಕ ಕೆಲಸ ಮಾಡಲು ಅದರ ಕಂಪನಿಯ ಕೋಡನ್ನೂ ಮಂಜ ನಮ್ಮದರೊಳಗೆ ಸೇರಿಸಿ, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಏರಿಸಲು ಕೂತ. ನಾನು ಪರೀಕ್ಷಿಸಲೆಂದು ಕನ್ನಡಕ ಬಿಗಿದುಕೊಂಡೆ. ಚಂದ್ರನ ಬದಲು ಬಂದದ್ದು ಕಂಪನಿಯ ಕರಾರು, ನಂಗಲಿ ರಸ್ತೆಯ ಲಾರಿಯ ಹಿಂಬದಿಯಷ್ಟು ದೊಡ್ಡದು. ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ ಬಂತು. 'ಒಪ್ಪಿದೆ' ಗುಂಡಿ ಕೊನೆಯಲ್ಲಿತ್ತು, ಓದದೆ ಗತಿಯಿರಲಿಲ್ಲ. ಈ ಕೋಡನ್ನು ಯಾರಿಗೂ ಕೊಡುವಂತಿಲ್ಲ, ತೋರಿಸುವಂತಿಲ್ಲ ಎಂದಿತ್ತು.

ಆಗ ನೆನಪಾದದ್ದು ಕ್ಯಾಲನೂರಿನ ಅಜ್ಜಿಯ ಅಡುಗೆಮನೆ. ಹೆಪ್ಪಿಗೆ ಮೊಸರಿಲ್ಲದ ದಿನ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದೆ. ನಾಳೆ ನಮಗಿಲ್ಲದಿದ್ದರೆ ನೀನು ಕೊಡಬೇಕು ಎನ್ನುತ್ತಾ ಆ ಮನೆಯವರು ಒಂದು ಚಮಚ ಹಾಕುತ್ತಿದ್ದರು, ಅಷ್ಟೇ. ಬೀದಿಯ ಮೊಸರೆಲ್ಲ ಮೊದಲು ಯಾರ ಮನೆಯದೆಂದು ಅಜ್ಜಿಗೂ ಗೊತ್ತಿರಲಿಲ್ಲ. ಆ ಹುಳಿ, ಆ ಮಡಕೆಯ ತಂಪು ಈಗಿನ ಪ್ಯಾಕೆಟ್ಟಿಗೆ ಎಲ್ಲಿಂದ ಬರಬೇಕು? ನಮ್ಮ ಬ್ರೌಸರಿನ ಕೋಡೂ ಹಾಗೆ ಕೈಯಿಂದ ಕೈಗೆ ಬಂದದ್ದು. ಪಡೆದವರು ಮುಂದಿನವರಿಗೂ ಕೊಡಲೇಬೇಕೆಂಬುದು ಅದರ ಷರತ್ತು. ಅಂಥ ಹಾಲಿಗೆ ಯಾರಿಗೂ ಕೊಡಬಾರದ ಕಂಪನಿಯ ಹೆಪ್ಪು ಹಾಕಿ ಕೂತಿದ್ದೆವು. ಏರಿಸಿದರೆ ಕಂಪನಿ ಕೋರ್ಟಿಗೆ ಎಳೆಯುತ್ತದೆ, ಮಕ್ಕಳಿಗೆ ಬ್ರೌಸರೂ ಇಲ್ಲ.

"ಲೇ ಮಂಜ, ಏರಿಸೋ ಗುಂಡಿ ಒತ್ತಬೇಡ ಕಣೋ, ಯಾರಿಗೂ ಕೊಡಬಾರದು ಅಂತ ಕರಾರಲ್ಲಿದೆ" ಎಂದು ಕನ್ನಡಕ ಕಳಚಲು ಹೋದರೆ ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು. ಕುರುಡನಂತೆ ತಡವರಿಸಿ ನಡೆದು ಮೇಜಿಗೆ ಮೊಣಕಾಲು ಬಡಿದುಕೊಂಡೆ. ಕರಾರು ಮಾತ್ರ ಮುಂದೆಯೇ ನಡೆಯುತ್ತಿತ್ತು.

"ಇದನ್ನೆಲ್ಲ ಯಾರ್ಲಾ ಓದ್ತಾರೆ?" ಅಂದ ಮಂಜ.

"ನಾನು ಓದ್ದೆ."

ಆ ಮಾತಿಗೇ ಅವನು ಗಾಬರಿಯಾಗಿ ಕೀಬೋರ್ಡಿನಿಂದ ಕೈ ತೆಗೆದ.

ಕಂಪನಿಯ ಕೋಡಿನ ಆ ತುಂಡನ್ನು ಕಿತ್ತು, ಎಲ್ಲರಿಗೂ ಹಂಚಬಹುದಾದ ಇನ್ನೊಂದನ್ನು ಜೋಡಿಸಿದೆವು. ಚಂದ್ರ ಕೊಂಚ ತಡವಾಗಿ ತಿರುಗುತ್ತಾನೆ, ಆದರೂ ಶ್ರೀನಿವಾಸಪುರದ ಶಾಲೆ ತಲುಪಿದ್ದಾನೆ. ಮೊನ್ನೆ ಅಲ್ಲಿಯ ಮೇಷ್ಟ್ರು ಪರದೆಯ ಮೇಲಿನ ನಮ್ಮ ಕರಾರು ನೋಡಿ ಏನಿದು ಎಂದು ಕೇಳಿದರು. ಯಾರು ಬೇಕಾದರೂ ತಗೋಬಹುದು, ತಗೊಂಡವರು ಇನ್ನೊಬ್ಬರಿಗೂ ಹಾಗೇ ಕೊಡಬೇಕು ಎಂದೆ.

"ಅಷ್ಟು ಹೇಳೋಕೆ ಇಷ್ಟುದ್ದ ಬರೆದಿದ್ದೀರಾ ಸಾರ್?" ಎಂದು ನಗುತ್ತಾ ಒತ್ತಿಯೇಬಿಟ್ಟರು.

ಪೂರ್ತಿ ಓದಿ ಎಂದು ಗದರಬೇಕೆನಿಸಿತು. ಆದರೆ ನಮ್ಮ ಕರಾರನ್ನು ನಾನೂ ಓದಿರಲಿಲ್ಲ. ಅದನ್ನು ಪೂರ್ತಿ ಓದಬೇಕಾದರೆ ನನಗೂ ಯಾರಾದರೂ ಮತ್ತೊಮ್ಮೆ ಕನ್ನಡಕ ಬಿಗಿಯಬೇಕು.