ರಾರಾವಿ ಟ್ರಕ್ಕಿನ ಸಣ್ಣ ಗೇರು

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಾಡಿಗಳಿಗೆ ಬರುವ ರೋಗ ಅವೇ ಅವು; ಗಾಡಿಯವರದು ಮಾತ್ರ ದಿನಕ್ಕೊಂದು ಹೊಸದು. ಒಬ್ಬರು ಇಂಜಿನ್ ಬಿಸಿಯಾಗುತ್ತದೆ ಅಂತ ಬಾನೆಟ್ಟಿಗೆ ಒದ್ದೆ ಗೋಣಿಚೀಲ ಹೊದಿಸಿ ತರುತ್ತಾರೆ. ಇನ್ನೊಬ್ಬರು ಗಾಡಿ ಎಡಕ್ಕೆ ಎಳೆಯುತ್ತದೆ ಅಂತ ತಾವೇ ಬಲಕ್ಕೆ ವಾಲಿ ಕೂತು ಓಡಿಸಿಕೊಂಡು ಬರುತ್ತಾರೆ. ನಾನು ಸಿಟ್ಟಿನ ಮನುಷ್ಯ ಅಂತ ಈ ರಸ್ತೆಯಲ್ಲಿ ಹೆಸರಿದೆ. ಅದು ಶುದ್ಧ ಸುಳ್ಳು. ಸುಳ್ಳು ಅಂತ ಹೇಳುವಾಗ ಮಾತ್ರ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ಹೋದ ಮಳೆಗಾಲದಲ್ಲಿ ರಾರಾವಿಯಿಂದ ಬಂದ ಒಂದು ಹಳೇ ಟ್ರಕ್ಕು, ಅದರ ಜೊತೆಗೆ ಬಂದ ಗಂಡ ಹೆಂಡತಿ, ನನ್ನ ಸಿಟ್ಟನ್ನೂ ಬಿಚ್ಚಿ, ತೊಳೆದು, ಒಣಗಿಸಿಟ್ಟು ಹೋದರು. ಆ ಟ್ರಕ್ಕಿನ ಕಥೆ ಇದು.

೧. ರಜೆ ಇಲ್ಲದ ಗಾಲಿಗಳು

ಮೊದಲು ಬಂದದ್ದು ಫೋನು. ಮಾತಾಡಿದವರು ರಾರಾವಿ ಯಜಮಾನರು, ಭತ್ತದ ಗದ್ದೆಯವರು.

"ಮೇಸ್ತ್ರಿ, ಸಣ್ಣ ಗೇರು ಮುಂದಕ ಹೋಗಿ ಕುಂತುಬಿಟ್ಟೈತಿ. ಹಿಂದಕ ಬರವಲ್ದು."

ಫೋರ್ ವೀಲ್ ಗಾಡಿಗಳಲ್ಲಿ ಗೇರ್ ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಇಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗೆ ಸಾಕೋ, ನಾಲ್ಕಕ್ಕೂ ಹಂಚಬೇಕೋ ಅಂತ ತೀರ್ಮಾನಿಸುವುದು ಅದೇ. ಅದನ್ನು ಹಾಕಿ ತೆಗೆಯಲು ಡ್ರೈವರ್ ಪಕ್ಕದಲ್ಲಿ ಒಂದು ಗಿಡ್ಡ ಲಿವರ್. ನಮ್ಮ ಕಡೆ ಅದೇ ಸಣ್ಣ ಗೇರು. ಕೆಸರಿನಲ್ಲಿ ಹಾಕಬೇಕು, ಡಾಂಬರಿಗೆ ಬಂದ ಕೂಡಲೆ ತೆಗೆಯಬೇಕು.

"ಈಗ ಎಲ್ಲಿ ಅದೀರಿ?"

"ಸಿರುಗುಪ್ಪದಾಗ."

"ಫೋರ್ ವೀಲ್ ಹಾಕಿದ್ದು ಎಲ್ಲಿ?"

"ಮನಿ ಮುಂದ."

"ಅಂದ್ರ ಡಾಂಬರ್ ರೋಡಿನ ಮ್ಯಾಲೂ ಹಂಗ ಬಂದ್ರೇನು?"

"ಮತ್ತ? ನಾಕು ಗಾಲಿ ಅದಾವು. ಎರಡು ದುಡಿಯೂದು, ಎರಡು ಸುಮ್ನ ಉರುಳೂದು, ಇದ್ಯಾವ ನ್ಯಾಯ?"

ನ್ಯಾಯವನ್ನು ಕೋರ್ಟಿಗೆ ಬಿಟ್ಟು ಗಾಡಿಯ ಮಾತಿಗೆ ಬಂದೆ. ಗಟ್ಟಿ ರಸ್ತೆಯಲ್ಲಿ ನಾಲ್ಕೂ ಗಾಲಿ ದುಡಿದರೆ ಒಳಗಿನ ಹಲ್ಲುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. "ಸ್ಟೇರಿಂಗ್ ನೆಟ್ಟಗ ಹಿಡಕೊಂಡು ಸ್ವಲ್ಪ ರಿವರ್ಸ್ ಹೋಗ್ರಿ, ತಾನ ಸಡ್ಲ ಆಗತೈತಿ" ಅಂದೆ. ಹೋದರು. ಆಯಿತು. ಫೋನಿನಲ್ಲೇ ನನಗೆ ಆಶೀರ್ವಾದ ಮಾಡಿದರು.

ಅಂದಿನಿಂದ ಯಜಮಾನರು ಗಾಡಿ ಎಲ್ಲಿ ನಿಲ್ಲಿಸಿದರೂ, ಹೊರಡುವ ಮೊದಲು ಒಂದಿಷ್ಟು ಹಿಂದಕ್ಕೆ ಹೋಗಿಯೇ ಮುಂದಕ್ಕೆ ಬರುವುದು. ಈಗ ಯಾಕೆ ಅಂತ ಕೇಳಿದರೆ ಹೇಳುತ್ತಾರೆ: "ನಿಂತು ನಿಂತು ಅದಕ್ಕೂ ಕಾಲು ಹಿಡದಿರತಾವಲ್ಲ ಮೇಸ್ತ್ರಿ."

೨. ಸಪ್ಪಳ ಯಾವುದು

ಸ್ವಲ್ಪ ದಿನಕ್ಕೆ ಟ್ರಕ್ಕೇ ಬಂತು. ಮೊದಲು ಇಳಿದದ್ದು ಯಜಮಾನರ ಹೆಂಡತಿ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಮೇಸ್ತ್ರಿ ನೀನ ಏನಪಾ ತಮ್ಮಾ?" ಅಂದರು. "ಹೌದ್ರಿ ಅವ್ವಾ" ಅಂದೆ. ಅಷ್ಟೇನೂ ನಂಬಿದಂತೆ ಕಾಣಲಿಲ್ಲ.

ಆಮೇಲೆ ವಿಷಯ ಹೇಳಿದರು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಮನೆ ಇರುವುದು ಊರಿನಾಚೆ, ಹೊಳೆಯ ಕಡೆಯ ಹೊಲದಲ್ಲಿ. ಮನೆಗೂ ರಸ್ತೆಗೂ ನಡುವೆ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಆಂಬುಲೆನ್ಸು ರಸ್ತೆಯಲ್ಲೇ ನಿಲ್ಲಬೇಕು. ದಾಟಿ ಬರಬಲ್ಲದ್ದು ಈ ಟ್ರಕ್ಕು ಒಂದೇ, ಅದೂ ಫೋರ್ ವೀಲ್ ಹಿಡಿದರೆ. ಈಗ ಕೆಸರಿನಲ್ಲಿ ಸಣ್ಣ ಗೇರು ಹಾಕಿದರೆ ಸಪ್ಪಳ ಮಾಡಿ ಹಾರಿ ಹಿಂದಕ್ಕೆ ಬೀಳುತ್ತದೆ.

"ದಿನಾ ಹತ್ರ ಬಂದಾವು ತಮ್ಮಾ. ಮಗಳಿಗೆ ನೋವು ಬಂದ ದಿನ ಈ ಗೇರು ಹಾರಿ ಬಿದ್ರ ನಾ ಏನು ಮಾಡ್ಲಿ, ಹೇಳು."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಜೋರಾಗಿ ಕೇಳಿದೆ: "ಸಪ್ಪಳ ಎಂಥಾದ್ದು?"

ಯಜಮಾನರು "ಕಟಕಟ" ಅಂದರು.

"ಕಟಕಟ ಅಲ್ಲ, ಗುರ್ರ್ ಗುಡುಕ್" ಅಂದರು ಅವ್ವ.

"ಗುಡುಕ್ ಎಲ್ಲೈತಿ ಅದರಾಗ?"

"ನಿಮಗ ಕಿವಿ ಕೇಳಿದ್ರಲ್ಲ? ನಿನ್ನೆ ಹಾಲು ಉಕ್ಕಿದ್ದು ಕೇಳಿತ್ತೇನು?"

ಜಗಳ ಹಾಲಿಗೆ ಹೋಯಿತು, ಹಾಲಿನಿಂದ ಮದುವೆಗೆ ಹೋಯಿತು. ಅಷ್ಟರಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಊರ ಹೊರಗಿನ ಕೆಸರು ಜಾಗಕ್ಕೆ ಗಾಡಿ ಒಯ್ದೆ. ಸಣ್ಣ ಗೇರು ಹಾಕಿ ಆಕ್ಸಲರೇಟರ್ ಒತ್ತಿದೆ. "ಧಡಕ್" ಅಂತ ಲಿವರ್ ಹಾರಿ ಹಿಂದಕ್ಕೆ ಬಂತು.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಇದು ಹೊಸಾದು" ಅಂದರು ಯಜಮಾನರು. ಅವ್ವ ನನ್ನ ಕಡೆ ತಿರುಗಿ, "ನಿನ್ನ ಮಾರಿ ನೋಡಿ ಹೆದರೈತಿ ಅದು" ಅಂದರು.

೩. ಹೊರಗೆ ಚೊಲೊ

ಎಣ್ಣೆ ನೋಡಿದೆ, ಸರಿ ಇತ್ತು. ಕೆಳಗೆ ಮಲಗಿ ಬೋಲ್ಟು, ರಾಡು ಎಲ್ಲ ಅಲ್ಲಾಡಿಸಿ ನೋಡಿದೆ, ಸರಿ ಇದ್ದವು. ಕೊನೆಗೆ ಟ್ರಾನ್ಸ್‌ಫರ್ ಕೇಸನ್ನೇ ಇಳಿಸಿ ಬಿಚ್ಚಿದೆ. ಹಲ್ಲು ಸವೆದಿರಲಿಲ್ಲ, ಸ್ಪ್ರಿಂಗ್ ಸತ್ತಿರಲಿಲ್ಲ, ಗೇರನ್ನು ತಳ್ಳುವ ಫೋರ್ಕು ಬಾಗಿರಲಿಲ್ಲ. ಕೈಯಿಂದ ತಳ್ಳಿದರೆ ಟಕ್ ಅಂತ ಕೂರುತ್ತಿತ್ತು. ಇಷ್ಟು ಆರೋಗ್ಯವಾದ ಪೆಟ್ಟಿಗೆಯನ್ನು ನಾನು ನೋಡಿಯೇ ಇರಲಿಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯಿತು.

"ಒಳಗ ಎಲ್ಲಾ ಚೊಲೊ ಐತ್ರಿ ಅವ್ವಾ" ಅಂದೆ.

"ನನ್ನ ಮಗಳಿಗೂ ಡಾಕ್ಟರಮ್ಮ ಹಂಗ ಅಂತಾಳ. ಆದ್ರ ನನಗ ನಿದ್ದಿ ಬರಬೇಕಲ್ಲ."

ಮಧ್ಯಾಹ್ನವಾಗಿತ್ತು. ನನ್ನ ಕೈಯೆಲ್ಲ ಗ್ರೀಸು. ಅವ್ವ ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಗಾಡಿಯ ಕೆಳಗೆ ಬಗ್ಗಿ, "ಬಾಯಿ ತಗಿ" ಅಂದರು. ತೆಗೆದೆ. ಸಿಟ್ಟಿನ ಮೇಸ್ತ್ರಿ ಗಾಡಿ ಕೆಳಗೆ ಮಲಗಿ ತುತ್ತು ತಿನ್ನುವುದನ್ನು ಎದುರಿನ ಚಹಾ ಅಂಗಡಿಯವರೆಲ್ಲ ನಿಂತು ನೋಡಿದರು. ನನಗೆ ನಾಚಿಕೆಯಾಯಿತು. ಇನ್ನೊಂದು ರೊಟ್ಟಿ ಬೇಡ ಅನ್ನುವಷ್ಟೇನೂ ಆಗಲಿಲ್ಲ.

ಪೆಟ್ಟಿಗೆ ಜೋಡಿಸಿ ಮತ್ತೆ ಕೆಸರಿಗೆ ಒಯ್ದೆ. ಧಡಕ್! ಮತ್ತೆ ಹಾರಿತು.

"ಕೆಳಗ ಇಟ್ರ ಚೊಲೊ ಇರತೈತಿ, ಗಾಡಿಗೆ ಏರಿಸಿದ ಕೂಡ್ಲೆ ಹಟಾ ಮಾಡತೈತಿ. ಇಂಥಾ ಜಾತಿ ಪೆಟ್ಟಿಗಿ ನಾ ನೋಡೇ ಇಲ್ಲ" ಅಂತ ತಲೆ ಕೆರೆದುಕೊಂಡೆ.

ಅವ್ವ ಯಜಮಾನರನ್ನು ಕಣ್ಣಲ್ಲೇ ತೋರಿಸಿದರು. "ನಾ ನೋಡೀನಿ. ಹೊರಗ ಚೊಲೊ, ಮನಿಗೆ ಬಂದ್ರ ಹಟಾ. ಬಾಳೇವು ಮಾಡ್ಲಿಲ್ಲೇನು?"

೪. ಅದಕ್ಕೆ ನೋವಾಗುತ್ತದೆ

ಪೆಟ್ಟಿಗೆ ಬಿಚ್ಚಿ ನೋಡಿದ್ದು ಸಾಕಾಗಿತ್ತು. ಲಿವರ್ ತಳ್ಳುವಾಗ ಕೆಳಗೆ ಏನಾಗುತ್ತದೆ ನೋಡೋಣ ಅಂತ ಮತ್ತೆ ಗಾಡಿಯಡಿ ಸೇರಿದೆ. ಯಜಮಾನರು ಚಹಾಕ್ಕೆ ಹೋಗಿದ್ದರು. "ಅವ್ವಾ, ಮ್ಯಾಲೆ ಹತ್ತಿ ಸಣ್ಣ ಗೇರು ಮುಂದಕ ದೂಡ್ರಿ" ಅಂದೆ.

ಲಿವರ್ ಅರ್ಧಕ್ಕೆ ಬಂದು ನಿಂತಿತು.

"ಇನ್ನೂ ದೂಡ್ರಿ."

"ಇಷ್ಟ ಸಾಕು ತಮ್ಮಾ."

"ಸಾಲದ್ರಿ. ಜೋರ ದೂಡ್ರಿ."

"ಜೋರ ದೂಡಿದ್ರ ಅದಕ್ಕ ನೋವಾಗತೈತಿ."

"ಯಾವುದಕ್ಕ?"

ನಾನು ಎದ್ದು, ಮೇಲೆ ಹತ್ತಿ, ಲಿವರಿನ ಬುಡಕ್ಕಿರುವ ರಬ್ಬರ್ ಚೀಲ ಎತ್ತಿ ನೋಡಿದೆ. ಅದರೊಳಗೆ ಅರಿಷಿಣದ ಬಟ್ಟೆಯ ಗಂಟು! ಒಂದು ನಾಣ್ಯ, ಅರಿಷಿಣದ ಕೊಂಬು, ಇಡೀ ಅಡಿಕೆ, ಎಲ್ಲ ಸೇರಿಸಿ ಬಿಗಿದ ಮುಡುಪು. ಲಿವರ್ ಮುಂದಕ್ಕೆ ಹೋದಾಗೆಲ್ಲ ಆ ಅಡಿಕೆ ತಳದ ತಗಡಿಗೆ ಬಡಿದು, ಗೇರು ಅರ್ಧವೇ ಕೂತು, ಭಾರ ಬಿದ್ದ ಕೂಡಲೆ ಹಾರುತ್ತಿತ್ತು.

ಸಿರುಗುಪ್ಪದಲ್ಲಿ ಗೇರು ಸಿಕ್ಕಿಕೊಂಡ ಸುದ್ದಿ ಕೇಳಿ, ಅವ್ವ ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತು ಅಂದೇ ಕಟ್ಟಿದ್ದು. ಯಾರ ಕಾಲೂ ತಾಗಬಾರದು ಅಂತ ರಬ್ಬರಿನ ಒಳಗೆ ಇಟ್ಟಿದ್ದರು. ನಾಲ್ಕು ಗಾಲಿ ನೆಟ್ಟಗಾಗಬೇಕು, ಮಗಳ ಹೆರಿಗೆ ಸುಸೂತ್ರ ಆಗಬೇಕು, ಅಲ್ಲಿಯ ತನಕ ಗಂಟು ಬಿಚ್ಚುವ ಹಾಗಿಲ್ಲ.

"ಅವ್ವಾ, ಗಂಟು ಬಿಚ್ಚಿದ್ರ ಗಾಲಿ ನೆಟ್ಟಗ ಆಗತಾವು."

"ಗಾಲಿ ನೆಟ್ಟಗ ಆಗ್ಲಿ, ಗಂಟು ಬಿಚ್ಚತೀನಿ."

"ಬಿಚ್ಚದ ಹೆಂಗ ಆಗತಾವ್ರಿ?"

"ಆಗದ ಹೆಂಗ ಬಿಚ್ಚಲಿ?"

ಇಬ್ಬರ ದನಿಯೂ ಏರಿತು. ಚಹಾ ಕುಡಿದು ಬಂದ ಯಜಮಾನರು ಗಾಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ಇಬ್ರೂ ಬಾಳ ಬಿಗಿ ಹಿಡದೀರಿ. ಸ್ವಲ್ಪ ರಿವರ್ಸ್ ಹೋಗ್ರಿ, ಸಡ್ಲ ಆಗತೈತಿ."

೫. ಗಂಟು ಬಿಚ್ಚದೆ

ನಾನು ಕತ್ತರಿ ತೆಗೆದುಕೊಂಡೆ. ಒಂದು ದಾರದ ಕೆಲಸ, ಅಷ್ಟೇ. ಅವ್ವ ಲಿವರ್ ಮೇಲೆ ಕೈ ಇಟ್ಟು ಕೂತರು.

"ನನ್ನ ಮೊದಲನೇ ಕೂಸು ನಮ್ಮ ಮನಿ ದಾರ್ಯಾಗ ಹೋತು ತಮ್ಮಾ. ಎತ್ತಿನ ಬಂಡಿ ಕೆಸರಾಗ ಹೂತು ನಿಂತಿತ್ತು. ದವಾಖಾನಿ ಮುಟ್ಟಲಿಲ್ಲ" ಅಂದರು. ಯಜಮಾನರು ಆ ಕಡೆ ತಿರುಗಿ ಟೈರು ನೋಡತೊಡಗಿದರು.

ನಾನು ಕತ್ತರಿ ಕೆಳಗಿಟ್ಟೆ. ಗಂಟು ಬಿಚ್ಚಬಾರದು ತಾನೆ, ಲಿವರ್ ಬಿಚ್ಚಬಾರದು ಅಂತ ಯಾವ ದೇವರೂ ಹೇಳಿಲ್ಲ. ಅಂಥದೇ ಇನ್ನೊಂದು ಲಿವರ್ ಹುಡುಕುತ್ತಾ ಕುರುಗೋಡಿನ ಗುಜರಿ ಅಂಗಡಿಗೆ ಹೋದೆ. ಗುಜರಿಯವನು ಕೇಳಿದ: "ಯಾಕ ಭಾಯ್, ಹಳೇದು ಮುರದೈತೇನು?"

"ಇಲ್ಲ, ಚೊಲೊ ಐತಿ."

"ಸವದೈತೇನು?"

"ಇಲ್ಲ."

"ಮತ್ತ?"

"ಅದನ್ನ ಬಸವಣ್ಣನ ಕೆಲಸಕ್ಕ ಹಾಕ್ಯಾರ."

ಗುಜರಿಯವನು ಕಾಲಿನ ಚಪ್ಪಲಿ ಬಿಟ್ಟ. ರಾಶಿಯಿಂದ ಲಿವರ್ ಎಳೆದು, ತುಕ್ಕು ಕೆರೆದು, ಒರೆಸಿ, ಎರಡೂ ಕೈಯಿಂದ ಕೊಟ್ಟ.

ಹಳೆಯದನ್ನು ಮುಡುಪಿನ ಸಮೇತ ಎತ್ತಿ ಅವ್ವನ ಮಡಿಲಿಗೆ ಹಾಕಿದೆ. ಹೊಸದನ್ನು ಕೂರಿಸಿ ತಳ್ಳಿದರೆ ಟಕ್ ಅಂತ ಪೂರ್ತಿ ಹೋಯಿತು. ಕೆಸರಿನಲ್ಲಿ ನಾಲ್ಕೂ ಗಾಲಿ ಮಣ್ಣು ಹಾರಿಸಿಕೊಂಡು ಎಳೆದವು. ಅವ್ವನ ಮುಖ ನೋಡಿ ನನಗೆ ಯಾವ ಕೂಲಿಯೂ ಬೇಡ ಅನ್ನಿಸಿತು.

"ಗಾಲಿ ನೆಟ್ಟಗ ಆದ್ವು. ಇನ್ನ ಬಿಚ್ಚತೀರೇನು?" ಅಂದೆ.

"ಅರ್ಧಾ ಆತು. ಇನ್ನರ್ಧಾ ಮಗಳ ಹೊಟ್ಟ್ಯಾಗ ಐತಿ" ಅಂತ ಲಿವರನ್ನು ಸೆರಗಿನಲ್ಲಿ ಸುತ್ತಿಕೊಂಡರು.

೬. ತೊಟ್ಟಿಲಲ್ಲಿ

ನೋವು ಬಂದದ್ದು ಮಳೆ ಹಿಡಿದ ಒಂದು ಬೆಳಿಗ್ಗೆ. ಅಂದಿನ ಕಥೆಯನ್ನು ಯಜಮಾನರು ಆಸ್ಪತ್ರೆಯಿಂದಲೇ ಫೋನಿನಲ್ಲಿ ಹೇಳಿದರು. ಮಗಳ ತಲೆ ಅವ್ವನ ಹೆಗಲ ಮೇಲೆ, ಹಳೆಯ ಲಿವರ್ ಅವ್ವನ ತೊಡೆಯ ಮೇಲೆ. ನಡುದಾರಿಯಲ್ಲಿ ಟ್ರಕ್ಕು ಹೂತಿತು. ಅಂದು ಎತ್ತಿನ ಬಂಡಿ ಹೂತಿದ್ದ ಅದೇ ಜಾಗ.

"ಸಣ್ಣ ಗೇರು ಹಾಕಿರೇನು?" ಅಂತ ಅವ್ವ ಕೂಗಿದರಂತೆ.

"ಹಾಕೀನಿ."

ಅವ್ವ ತೊಡೆಯ ಮೇಲಿನ ಲಿವರನ್ನೂ ಮುಂದಕ್ಕೆ ತಳ್ಳಿ, "ನಾನೂ ಹಾಕೀನಿ, ಹೊಡೀರಿ!" ಅಂದರಂತೆ. ಆ ನೋವಿನಲ್ಲೂ ಮಗಳು ನಕ್ಕುಬಿಟ್ಟಳಂತೆ. ಟ್ರಕ್ಕು ಒಮ್ಮೆ ನರಳಿ ಮೇಲೆದ್ದು ಬಂತು. ಸಿರುಗುಪ್ಪದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಇಷ್ಟು ಹೇಳಿ ಯಜಮಾನರು ಅತ್ತರು. ನಾನೂ ಅತ್ತೆ. ಗ್ರೀಸಿನ ಕೈಯಿಂದ ಕಣ್ಣು ಒರೆಸಿಕೊಂಡಿದ್ದೇನೆ ಅಂತ ಗೊತ್ತಾದದ್ದು ಚಹಾ ಅಂಗಡಿಯವರು ನಗತೊಡಗಿದ ಮೇಲೆ.

ತೊಟ್ಟಿಲ ಶಾಸ್ತ್ರಕ್ಕೆ ನನ್ನನ್ನೂ ಕರೆದರು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಖಾರ ಅರೆಯುವ ಗುಂಡುಕಲ್ಲಿಗೆ ಬಟ್ಟೆ ತೊಡಿಸಿ, ಗುಂಡಪ್ಪ ಅಂತ ಕರೆದು ಮಲಗಿಸುತ್ತಾರೆ. ಹೆಂಗಸರು ಅದನ್ನು ತೊಟ್ಟಿಲ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ನಾನು ಬಗ್ಗಿ ನೋಡಿದೆ. ತೊಟ್ಟಿಲಲ್ಲಿ ಗುಂಡಪ್ಪ ಇರಲಿಲ್ಲ. ಲಿವರ್ ಮಲಗಿತ್ತು. ಅದರ ಗುಂಡನೆಯ ತಲೆಗೆ ಕುಲಾಯಿ, ಕೆನ್ನೆ ಇರಬೇಕಾದ ಕಡೆ ಕಾಡಿಗೆಯ ಬೊಟ್ಟು.

ಅವ್ವ ಎಲ್ಲರೆದುರಿಗೆ ಆ ಗಂಟು ಬಿಚ್ಚಿದರು. ಬಿಚ್ಚಿ, ಕೂಸನ್ನು ಎತ್ತಿ ತೊಟ್ಟಿಲಿಗೆ ಹಾಕಿದರು. ಹಾಕಿದ ಕೂಡಲೆ ಕೂಸು ಕಿರ್ರೋ ಅಂತ ಅಳತೊಡಗಿತು. ಅವ್ವ ತೂಗಿದರೂ ಇಲ್ಲ, ಕೂಸಿನ ತಾಯಿ ತೂಗಿದರೂ ಇಲ್ಲ. ಅವ್ವ ಸುತ್ತ ನೋಡಿ ನನ್ನನ್ನು ಹಿಡಿದರು.

"ತಮ್ಮಾ, ಯಾಕ ಸಪ್ಪಳಾ ಮಾಡತೈತಿ, ನೋಡು. ಆದ್ರ ಏನೂ ಬಿಚ್ಚಬ್ಯಾಡ ಮತ್ತ!"

ಮನೆ ತುಂಬ ಜನ. ನಾನು ಅಭ್ಯಾಸಬಲದಿಂದ ತೊಟ್ಟಿಲ ಕೆಳಗೆ ಬಗ್ಗಿಯೇಬಿಟ್ಟೆ. ಅಷ್ಟರಲ್ಲಿ ಯಜಮಾನರು ಜನರನ್ನು ಸರಿಸಿಕೊಂಡು ಬಂದು, ತೊಟ್ಟಿಲನ್ನು ಎರಡೂ ಕೈಯಿಂದ ಹಿಡಿದು, ನಿಧಾನವಾಗಿ ಒಂದಿಷ್ಟು ಹಿಂದಕ್ಕೆ ಎಳೆದು ಬಿಟ್ಟರು.

ಕೂಸು ಗಪ್ಪಾಯಿತು.

ಯಜಮಾನರು ಬಗ್ಗಿ ಮೊಮ್ಮಗಳ ಪಾದ ಸವರುತ್ತ ನನಗೆ ಹೇಳಿದರು: "ಕಾಲು ಹಿಡದಿದ್ವು ಮೇಸ್ತ್ರಿ, ಅಷ್ಟ."