ಟಿವಿಯಲ್ಲಿ ತೀರಿಕೊಂಡ ಸುಡಲೈಮುತ್ತು

ಸುಡಲೈಮುತ್ತು: ನಾನು ಕೇಳಿದ್ದು ಒಂದೇ ಮಾತು. ಹೂಂ ಅನ್ನು, ಇಲ್ಲ ಊಹೂಂ ಅನ್ನು. ನೀನು ಹಾಡಿದ್ದು ನಿಜವೋ ಸುಳ್ಳೋ?

ಪೇಚಿಯಮ್ಮ: ಬೆಳಬೆಳಗ್ಗೆ ಪ್ರಾಣ ತಿನ್ಬೇಡಿ. ಕಾಫಿ ಆರ್ತಾ ಇದೆ, ಕುಡೀರಿ.

ಸುಡಲೈಮುತ್ತು: ಹೆಣ ಕಾಫಿ ಕುಡಿಯುತ್ತಾ?

ಪೇಚಿಯಮ್ಮ: ರಾತ್ರಿ ಟಿವೀಲಿ ಸತ್ತು ಮನೆಗೆ ಬಂದು, ಚಟ್ನಿ ಸಾಲದು ಅಂತ ಜಗಳ ಆಡ್ಕೊಂಡು ಆರು ದೋಸೆ ತಿಂದಿತಲ್ಲ ಹೆಣ, ಅದಕ್ಕೆ ಕಾಫಿ ಏನು ಮಹಾ?

ಸುಡಲೈಮುತ್ತು ಲೋಟ ಎತ್ತಿಕೊಂಡ. ಆದರೆ ಸೋತೆ ಅಂತ ತೋರಿಸಿಕೊಳ್ಳಬಾರದು ನೋಡಿ, ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕುಡಿದ. ತಾಮ್ರಪರ್ಣಿ ನದಿಯ ದಂಡೆಯ ಆ ಊರಿನಲ್ಲಿ ಅವನದು ಬಾಡಿಗೆ ಸೈಕಲ್ ಅಂಗಡಿ. ಹೆಂಡತಿಯದು ಅದಕ್ಕಿಂತ ದೊಡ್ಡ ಹೆಸರು. ಸುತ್ತಮುತ್ತ ಯಾರೇ ಸತ್ತರೂ ಹೆಣದ ತಲೆಯ ಹತ್ತಿರ ಕೂತು, ಎದೆ ಬಡಿದುಕೊಂಡು, ಹಾಡಿ ಅಳುವುದಕ್ಕೆ ಪೇಚಿಯಮ್ಮನೇ ಬರಬೇಕು. ಅವಳು ಬರುವವರೆಗೆ ಸತ್ತವನು ಸತ್ತ ಹಾಗೇ ಅಲ್ಲ.

ಆ ಕಾಲದಲ್ಲಿ, ಅಂದರೆ ತೊಂಬತ್ತು ತೊಂಬತ್ತೊಂದರ ಹೊತ್ತಿಗೆ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡವರು ಮದ್ರಾಸಿನಿಂದಲೂ ಬೊಂಬಾಯಿಯಿಂದಲೂ ಕ್ಯಾಮೆರಾ ಹೊತ್ತು ಊರೂರು ಅಲೆಯುತ್ತಿದ್ದರು. ಅಣೆಕಟ್ಟೆಯಲ್ಲಿ ಮುಳುಗುವವರು, ಉಪ್ಪಿನ ಗದ್ದೆಯವರು, ಬೆಂಕಿಪೊಟ್ಟಣದ ಕೆಲಸದವರು, ಎಲ್ಲರ ಮೇಲೂ ಸಾಕ್ಷ್ಯಚಿತ್ರ ತೆಗೆದು ಮುಗಿಸಿದ ಮೇಲೆ ಅಳುವವರ ಸರದಿ ಬಂತು. ಹಾಗೆ ಬಂದ ಡೈರೆಕ್ಟರಮ್ಮ ಒಬ್ಬಳು ಪೇಚಿಯಮ್ಮನ ಮೇಲೆ ಚಿತ್ರ ತೆಗೆದಳು. ಅದಕ್ಕೆ ಯಾವುದೋ ದೂರದ ದೇಶದಲ್ಲಿ ಬಹುಮಾನ ಬಂತು, ಅದರಿಂದಾಗಿ ನಮ್ಮ ದೇಶಕ್ಕೂ ಅದು ಒಳ್ಳೆಯದು ಅಂತ ಗೊತ್ತಾಯಿತು. ನಿನ್ನೆ ಸಂಜೆ ಟಿವಿಯಲ್ಲಿ ತೋರಿಸಿದರು. ಪಂಚಾಯತಿ ಕಟ್ಟೆಯ ಮುಂದೆ ಊರಿಗೆ ಊರೇ ಕೂತು ನೋಡಿತು. ಚಿತ್ರದಲ್ಲಿ ಪೇಚಿಯಮ್ಮ ಅಳುವವಳು. ಸುಡಲೈಮುತ್ತು ಹೆಣ.

ಸುಡಲೈಮುತ್ತು: ಊರಲ್ಲಿ ಇಷ್ಟು ಗಂಡಸರಿದ್ದಾರೆ. ಹೆಣ ಆಗೋಕೆ ನಾನೇ ಬೇಕಿತ್ತಾ?

ಪೇಚಿಯಮ್ಮ: ಹೆಣ ಇಲ್ಲದೆ ನಾನು ಬಾಯಿ ತೆಗೆಯಲ್ಲ ಅಂತ ಆ ಹುಡುಗಿಗೆ ಹೇಳಿದೆ. ಬರೀ ಮನೇಲಿ ಸಾವಿನ ಹಾಡು ಹಾಡಿದ್ರೆ ಯಮ ಬಂದು, ಯಾರಿಗಮ್ಮ ಇದು ಅಂತ ಕೇಳಲ್ವಾ? ಯಾರೂ ಇಲ್ಲ ಅಂದ್ರೆ ಅವನೇ ಒಬ್ಬರನ್ನ ಆರಿಸ್ಕೊಳ್ತಾನೆ. ಅದಕ್ಕೇ ನಾವೇ ಒಬ್ಬರನ್ನ ಮಲಗಿಸಿದ್ದು.

ಸುಡಲೈಮುತ್ತು: ಆ ಒಬ್ಬ ನಾನು!

ಪೇಚಿಯಮ್ಮ: ಇನ್ನೊಬ್ಬಳ ಗಂಡನ್ನ ಕೇಳೋಕಾಗುತ್ತಾ, ಅಣ್ಣಾ ಸ್ವಲ್ಪ ಹೊತ್ತು ಸಾಯ್ತೀರಾ ಅಂತ? ನೀವಾದ್ರೆ ಹೇಗೂ ಮಧ್ಯಾಹ್ನ ಕೆಲಸ ಇಲ್ದೆ ಬಿದ್ದಿರ್ತೀರಿ.

ಸುಡಲೈಮುತ್ತು: ಆ ಹುಡುಗಿ ಏನಂದ್ಲು? ಇದು ಕತೆ ಸಿನಿಮಾ ಅಲ್ಲ ತಾತಾ, ಇಲ್ಲಿ ನಟನೆ ಗಿಟನೆ ಇಲ್ಲ, ಎಲ್ಲಾ ನಿಜ ಅಂದ್ಲು. ಅಂದವಳೇ ನನ್ನ ಹಣೆಗೆ ನಾಣ್ಯ ಅಂಟಿಸಿ ಕಾಲು ಹೆಬ್ಬೆರಳು ಕಟ್ಟಿಸಿದ್ಲು.

ಪೇಚಿಯಮ್ಮ: ನೀವೇನು ನಟನೆ ಮಾಡಿದ್ರಿ ಪಾಪ? ಬೆಂಚಿನ ಮೇಲೆ ತಲೆ ಇಟ್ಟ ಕೂಡಲೇ ನಿದ್ದೆ ಹೋದ್ರಿ. ಅವಳು ಚಪ್ಪಾಳೆ ತಟ್ಟಿ, ಎಂಥಾ ಸಹಜವಾದ ಹೆಣ ಅಂತ ಕ್ಯಾಮೆರಾದವನಿಗೆ ಹೇಳಿದ್ಲು.

ಎಡವಟ್ಟಾಗಿದ್ದೇ ಅಲ್ಲಿ. ನಿದ್ದೆ ಹೋದ ಕಾರಣ ಹೆಂಡತಿ ತನ್ನ ತಲೆಯ ಹತ್ತಿರ ಕೂತು ಏನು ಹಾಡಿದಳೆಂದು ಅವನಿಗೆ ಆವತ್ತು ಗೊತ್ತಾಗಲೇ ಇಲ್ಲ. ನಿನ್ನೆ ಊರಿನವರ ಜೊತೆ ಕೂತು ಮೊದಲ ಸಲ ಕೇಳಿದ. ಬೆಂಚಿನ ಮೇಲೆ ಅವನನ್ನು ಕಂಡು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೊಬ್ಬನೇ ಕತ್ತಲಲ್ಲಿ ಟವಲಿನಿಂದ ಕಣ್ಣು ಒರೆಸಿಕೊಂಡ. ತಮ್ಮ ಸಾವಿಗೆ ತಾವೇ ಅತ್ತವರು ಆ ತಾಲೂಕಿನಲ್ಲಿ ಬೇರೆ ಯಾರೂ ಇರಲಾರರು. ಮದುವೆಯಾದಾಗಿನಿಂದ ಪೇಚಿ ಅವನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ಆಡಿದ್ದರೂ ಅವನ ಕಿವಿಗೆ ಬಿದ್ದಿರಲಿಲ್ಲ. ಈಗ ಅದು ನಿಜವೋ, ಬರೀ ಕಸುಬಿನ ಮಾತೋ ಅಂತ ತಿಳಿಯದಿದ್ದರೆ ಅವನಿಗೆ ಅನ್ನ ಇಳಿಯುವ ಹಾಗಿರಲಿಲ್ಲ. ದೋಸೆಯ ಮಾತು ಬೇರೆ.

ಸುಡಲೈಮುತ್ತು: ಅರಸನೇ ಅಂದೆ. ನನ್ನ ಮನೆಯ ನಂದಾದೀಪವೇ ಅಂದೆ.

ಪೇಚಿಯಮ್ಮ: ಎಲ್ಲಾ ಹೆಣಕ್ಕೂ ಅಂತೀನಿ. ಊರ ಪಟೇಲಿಕೆ ಮಾಡೋ ಮಣಿಯಗಾರರ ಅಪ್ಪನಿಗೂ ಅಂದೆ. ಬದುಕಿದ್ದಾಗ ಆ ಮುದುಕನ ಮುಖ ಕಂಡ್ರೆ ಎಮ್ಮೆ ಕೂಡ ಹಾಲು ಕೊಡ್ತಿರಲಿಲ್ಲ.

ಸುಡಲೈಮುತ್ತು: ಸರಿ ಬಿಡು. ಮಣಿಯಗಾರರ ಅಪ್ಪ ನಿನ್ನನ್ನ ಯಾವಾಗ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿದ್ದ?

ಪೇಚಿಯಮ್ಮ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

ಪೇಚಿಯಮ್ಮ: ಯಾವ ಸೈಕಲ್ಲು?

ಸುಡಲೈಮುತ್ತು: ಹಾಡಿದ್ಯಲ್ಲ! "ಜ್ವರದಲ್ಲಿ ಬಿದ್ದಾಗ ಸೈಕಲ್ಲಿಗೆ ಪಂಚೆ ಹಾಸಿ, ನನ್ನ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋದವನೇ, ಬಿಸಿಲು ನನಗಿರಲಿ ಅಂತ ಟವಲು ನನಗೆ ಹೊದಿಸಿದ ದೊರೆಯೇ." ಇದು ಯಾವ ಹೆಣದ ಹಾಡು?

ಪೇಚಿಯಮ್ಮ: ರಾಗಕ್ಕೆ ಏನೋ ಬಂತು, ಹಾಡಿದೆ.

ಸುಡಲೈಮುತ್ತು: ರಾಗಕ್ಕೆ ಸೈಕಲ್ ಬರುತ್ತಾ?

ಪೇಚಿಯಮ್ಮ: ಸೈಕಲ್ ಅಂಗಡಿಯವನ ಹೆಂಡ್ತಿಗೆ ಇನ್ನೇನು, ವಿಮಾನ ಬರುತ್ತಾ? ಅಷ್ಟು ನೆನಪಿದ್ರೆ ಕೇಳಿ, ಆಸ್ಪತ್ರೆ ಬಾಗಿಲಲ್ಲಿ ಸೈಕಲ್ ಜೊತೆ ನನ್ನನ್ನೂ ಗೋಡೆಗೆ ಒರಗಿಸಿ ಬೀಡಿ ಸೇದೋಕೆ ಹೋದ್ರಲ್ಲ, ಅದನ್ನ ನಾನು ಹಾಡಲಿಲ್ಲ. ಬಹುಮಾನ ಹೋಗುತ್ತೆ ಅಂತ ಬಿಟ್ಟೆ.

ಸುಡಲೈಮುತ್ತು: ನೋಡಿದ್ಯಾ! ಅಂದ್ರೆ ಉಳಿದದ್ದು ನಿಜ ಅಂತ ಒಪ್ಕೊಂಡ ಹಾಗಾಯ್ತು.

ಪೇಚಿಯಮ್ಮ: ಒಪ್ಕೊಳ್ಳೋಕೆ ಇದೇನು ಕೋರ್ಟಾ? ಬದುಕಿರೋರನ್ನ ಹೊಗಳಿದ್ರೆ ಕಣ್ಣು ತಾಗುತ್ತೆ. ಅಂಗಡಿ ಬಾಗಿಲು ತೆಗೀರಿ ಹೋಗಿ.

ಅಷ್ಟರಲ್ಲಿ ಬೀದಿಯ ಕೊನೆಯಿಂದ ದೊಡ್ಡ ಗೋಳು ಕೇಳಿಸಿತು. ಬೆಳಗಿನ ಮೊದಲ ಬಸ್ಸಿನಿಂದ ಇಳಿದ ಉಲಗಮ್ಮಾಳ್ ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಳು. ಸುಡಲೈಮುತ್ತುವಿನ ಒಡಹುಟ್ಟಿದ ಅಕ್ಕ, ಏರಲ್ ಊರಿಗೆ ಮದುವೆಯಾಗಿ ಹೋದವಳು. ಕೈಯಲ್ಲಿ ಹೆಣಕ್ಕೆ ಹೊದಿಸುವ ಹೊಸ ಪಂಚೆ, ಹಾರ. ಬಂದವಳೇ ಕಣ್ಣು ಮುಚ್ಚಿಕೊಂಡು ಪೇಚಿಯಮ್ಮನ ಕೊರಳಿಗೆ ಬಿದ್ದಳು. ಕಸುಬಿನ ಅಭ್ಯಾಸ ನೋಡಿ, ಪೇಚಿಯಮ್ಮನೂ ಏನು ಎತ್ತ ಅಂತ ಕೇಳದೆ ಹೆಗಲಿಗೆ ಹೆಗಲು ಕೊಟ್ಟು ಒಂದು ಸುತ್ತು ಅತ್ತುಬಿಟ್ಟಳು.

ಉಲಗಮ್ಮಾಳ್: ಅಯ್ಯೋ ನನ್ನ ತಮ್ಮಾ! ನನ್ನ ಬೆನ್ನಿಗೆ ಹುಟ್ಟಿದ ಚಿನ್ನವೇ! ಅಕ್ಕನಿಗೆ ಒಂದು ಮಾತು ಹೇಳದೆ ಹೋದ್ಯಲ್ಲೋ!

ಸುಡಲೈಮುತ್ತು: ಅಕ್ಕಾ, ಸುಸ್ತಾಗಿದ್ದೀಯ. ಒಂದು ಲೋಟ ಕಾಫಿ ಕುಡಿ.

ಉಲಗಮ್ಮಾಳ್: ಬೇಡಪ್ಪಾ, ತಮ್ಮ ಸತ್ತ ಮನೇಲಿ ಕಾಫಿ ಎಲ್ಲಿ ಗಂಟಲಿಗೆ ಇಳಿಯುತ್ತೋ! ಅಯ್ಯೋ ನನ್ನ...

ಕಣ್ಣು ತೆರೆದಳು. ತಮ್ಮನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಅವನ ಕೈಯ ಲೋಟ ನೋಡಿದಳು. ಕೈಯ ಹಾರ ಧೊಪ್ಪನೆ ಕೆಳಗೆ ಬಿತ್ತು.

ಉಲಗಮ್ಮಾಳ್: ಲೋ! ಬದುಕಿದ್ದೀಯೇನೋ?

ಸುಡಲೈಮುತ್ತು: ತಪ್ಪಾಯ್ತು ಅಕ್ಕಾ.

ಉಲಗಮ್ಮಾಳ್: ಟಿವೀಲಿ ಕಣ್ಣಾರೆ ನೋಡಿದೆನಲ್ಲೋ, ಅಂಗಾತ ಮಲಗಿದ್ದೆ!

ಸುಡಲೈಮುತ್ತು: ಅದು ಹೋದ ವರ್ಷ ತೆಗೆದದ್ದು ಅಕ್ಕಾ. ಪೊಂಗಲ್‌ಗೆ ನಿಮ್ಮ ಮನೆಗೆ ಬಂದು ಕಬ್ಬು ಕೊಟ್ಟು ಹೋಗಲಿಲ್ವಾ ನಾನು?

ಉಲಗಮ್ಮಾಳ್: ಪೊಂಗಲ್‌ಗೆ ಬಂದವನು ಆಮೇಲೆ ಸಾಯಬಾರದಾ? ಕ್ರಿಕೆಟ್ ಆಟಾನ ಆಡಿದ ದಿನವೇ ತೋರಿಸ್ತಾರೆ. ನಿನ್ನ ಸಾವನ್ನ ಮಾತ್ರ ವರ್ಷಗಟ್ಟಲೆ ಉಪ್ಪಿನಕಾಯಿ ಹಾಕಿ ಇಡ್ತಾರಾ? ನಾಟಕ ಅಲ್ಲ, ಸಾಕ್ಷ್ಯಚಿತ್ರ ಅಂತ ಮೊದಲೇ ಹೇಳಿದ್ರು. ಸಾಕ್ಷಿ ಸುಳ್ಳು ಹೇಳುತ್ತಾ?

ಪೇಚಿಯಮ್ಮ: ಅತ್ತಿಗೇ, ಕೂತ್ಕೊಳ್ಳಿ. ಇವರು ಗುಂಡುಕಲ್ಲಿನ ಹಾಗಿದ್ದಾರೆ, ಸಂತೋಷಪಡಿ.

ಉಲಗಮ್ಮಾಳ್: ಸಂತೋಷ ಆಮೇಲೆ ಪಡ್ತೀನಿ. ನಿನ್ನ ಹತ್ತಿರ ಬೇರೆ ಲೆಕ್ಕ ಇದೆ ಪೇಚೀ. ಅಷ್ಟುದ್ದ ಹಾಡಿದ್ಯಲ್ಲ, ಇವನ ಸೈಕಲ್ ಬಂತು, ಟವಲು ಬಂತು, ಮನೆ ಮುಂದಿನ ಬೇವಿನ ಮರ ಬಂತು. ಒಡಹುಟ್ಟಿದ ಅಕ್ಕ ಎಲ್ಲಿ?

ಪೇಚಿಯಮ್ಮನ ಮುಖ ಸಣ್ಣಗಾಯಿತು. ಸತ್ತವನ ಅಕ್ಕತಂಗಿಯರ ಹೆಸರು ಹಿಡಿದು ಹಾಡದಿದ್ದರೆ ಆ ಕಡೆ ದೊಡ್ಡ ಅವಮಾನ. ಅದರಿಂದ ಮನೆಮನೆಗಳ ನಡುವೆ ಮಾತು ನಿಂತದ್ದುಂಟು.

ಪೇಚಿಯಮ್ಮ: ಹಾಡಿದ್ದೆ ಅತ್ತಿಗೇ, ನಿಮ್ಮಾಣೆ! ಆ ಹುಡುಗಿ ಉದ್ದ ಆಯ್ತು ಅಂತ ಕತ್ತರಿಸಿದ್ದಾಳೆ.

ಉಲಗಮ್ಮಾಳ್: ಬೇವಿನ ಮರ ಉಳಿಸಿ ಅಕ್ಕನ್ನ ಕತ್ತರಿಸಿದ್ಲಾ? ನಮ್ಮ ಬೀದಿಯವರೆಲ್ಲ ನನ್ನ ಮುಖ ನೋಡಿದ್ರು ಕಣೇ. ಅಳೋದೋ, ನಾಚ್ಕೊಳ್ಳೋದೋ ಗೊತ್ತಾಗಲಿಲ್ಲ. ಈಗ ಹಾಡು. ಸಾವಿನ ಮನೆಗೆ ತಂದ ಅಳುವನ್ನೂ ಪಂಚೆಯನ್ನೂ ವಾಪಸ್ ಹೊತ್ಕೊಂಡು ಹೋಗೋ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಪೇಚಿಯಮ್ಮ: ಹೆಣ ಇಲ್ಲದೆ ನಾನು...

ಸುಡಲೈಮುತ್ತು: ನಾನಿದ್ದೀನಲ್ಲ!

ಮಾತು ಮುಗಿಯುವ ಮೊದಲೇ ಬೆಂಚನ್ನು ಅಂಗಳಕ್ಕೆ ಎಳೆದು ತಂದು, ತಾನೇ ಕಾಲಿನ ಹೆಬ್ಬೆರಳು ಕಟ್ಟಿಕೊಂಡು, ಅಕ್ಕ ತಂದ ಹೊಸ ಪಂಚೆ ಹೊದ್ದು ಮಲಗಿಬಿಟ್ಟ. ಸಾಯುವುದಕ್ಕೆ ಅಷ್ಟು ಉತ್ಸಾಹ ತೋರಿಸಿದ ಮನುಷ್ಯನನ್ನು ಬೀದಿಯವರು ಅದುವರೆಗೆ ನೋಡಿರಲಿಲ್ಲ. ಈ ಸಲ ನಿದ್ದೆ ಮಾಡಬಾರದು, ಒಂದು ಅಕ್ಷರ ಬಿಡದೆ ಕೇಳಬೇಕು ಅಂತ ಹಲ್ಲು ಕಚ್ಚಿಕೊಂಡ.

ಪೇಚಿಯಮ್ಮ ಸೆರಗು ಬಿಗಿದು ಅವನ ತಲೆಯ ಹತ್ತಿರ ಕೂತಳು. ದನಿ ಎತ್ತಿದಳು.

ಪೇಚಿಯಮ್ಮ: ಏರಲ್ ಊರಿನ ಮಹಾಲಕ್ಷ್ಮಿಯೇ! ತಮ್ಮನ್ನ ಸೊಂಟದಲ್ಲಿ ಹೊತ್ತು ಬೆಳೆಸಿದವಳೇ! ನಿನ್ನ ಕೈ ಮೀನು ಸಾರಿಗೆ ನದಿಯೇ ಅಂಗಳಕ್ಕೆ ಬರುತ್ತಿತ್ತಲ್ಲೇ!

ಉಲಗಮ್ಮಾಳ್ ಸಮಾಧಾನದಿಂದ ಅಳತೊಡಗಿದಳು. ಹಾಡು ಅವಳ ಮೂಗುತಿಗೆ ಬಂತು, ಅವಳ ಗಂಡನ ಬಾಳೆತೋಟಕ್ಕೆ ಹೋಯಿತು, ತೋಟದ ಗೊನೆಗೊನೆಯನ್ನೂ ಹೊಗಳಿತು. ಬೆಂಚಿನ ಮೇಲಿದ್ದವನ ಸುದ್ದಿಯೇ ಇಲ್ಲ. ಬಹಳ ಹೊತ್ತು ತಡೆದುಕೊಂಡು ಹೆಣ ಒಂದು ಕಣ್ಣು ತೆರೆಯಿತು.

ಸುಡಲೈಮುತ್ತು: ಏಯ್, ಸತ್ತವನು ನಾನು ಕಣೇ!

ಪೇಚಿಯಮ್ಮ: ಸುಮ್ನೆ ಬಿದ್ಕೊಳ್ಳಿ.

ಸುಡಲೈಮುತ್ತು: ನನಗೆ ಒಂದು ಸಾಲು. ಒಂದೇ ಒಂದು. ಸೈಕಲ್ಲಿನದ್ದಾದ್ರೂ ಪರವಾಗಿಲ್ಲ.

ಪೇಚಿಯಮ್ಮ: ಎಚ್ಚರ ಇರೋ ಹೆಣದ ಮುಂದೆ ನಂಗೆ ಬಾಯಿ ಬರಲ್ಲ. ನೀವು ನಿದ್ದೆ ಮಾಡಿ, ಹೇಳ್ತೀನಿ.

ಸುಡಲೈಮುತ್ತು ಸ್ವಲ್ಪ ಯೋಚಿಸಿದ. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ಅರ್ಧ ತೆರೆದು, ಬೀದಿಗೆಲ್ಲ ಕೇಳಿಸುವ ಹಾಗೆ ಗೊರಕೆ ಹೊಡೆಯತೊಡಗಿದ. ಪೇಚಿಯಮ್ಮ ಬಗ್ಗಿ ಅವನ ಮೂಗಿನ ಹತ್ತಿರ ಕಿವಿ ಇಟ್ಟಳು.

ಪೇಚಿಯಮ್ಮ: ಏಳ್ರೀ ಸಾಕು. ದಿನಾ ರಾತ್ರಿ ಆ ಗೊರಕೆ ಕೇಳಿಸಿದ ಮೇಲೇ ನಾನು ಕಣ್ಣು ಮುಚ್ಚೋದು. ನಂಗೆ ಗೊತ್ತಾಗಲ್ವಾ ಇದು ಅದಲ್ಲ ಅಂತ?