ಹಿಂದಿನ ಗೇಟಿನಿಂದ ಕುಟ್ಟ

ಕುಟ್ಟಕ್ಕೆ ಹೋಗುವ ಒಳದಾರಿ ನನಗೆ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದು ನನಗೆ ನೆನಪಿತ್ತು. ಇವೆರಡೂ ಒಂದೇ ಅಲ್ಲ ಎಂಬುದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನಿಗೆ ತಿಳಿದಿರಬೇಕಿತ್ತು.

ನನ್ನ ಹಳೆಯ ಬೈಕಿನ ಅಳಿವು ಉಳಿವಿನ ಪ್ರಶ್ನೆ ಎದುರಾಗಿತ್ತು. ಹೆಂಡತಿ ಪುಷ್ಪಾ ಅದನ್ನು ಮಾರುವ ತೀರ್ಮಾನ ಮಾಡಿದ್ದಳು. ಹಿಂದೊಮ್ಮೆ ಕಕ್ಕಬೆಯ ಮದುವೆಗೆಂದು ಅದರಲ್ಲಿ ಹೊರಟ ನಾನು ಬೇರೆ ಯಾರದೋ ಮದುವೆಗೆ ತಲುಪಿ, ಮುಯ್ಯಿ ಕೊಟ್ಟು, ಉಂಡು ಬಂದಿದ್ದೆ. ಊಟ ಚೆನ್ನಾಗಿತ್ತು ಎಂಬುದು ನನ್ನ ನೆನಪು. ಪುಷ್ಪಾಳ ನೆನಪು ಬೇರೆ.

ಕೊನೆಗೊಂದು ಅವಕಾಶ ಸಿಕ್ಕಿತು. ಪುಷ್ಪಾ ತನ್ನ ಅರೆಭಾಷೆಯಲ್ಲಿ ಷರತ್ತು ಹಾಕಿದಳು:

"ಕುಟ್ಟದಲ್ಲಿ ಅಕ್ಕನ ಮನೇಲಿ ಊಟ ಉಟ್ಟು. ನಾ ಬಸ್ಸಿಲಿ ಹೋನೆ. ನೀವು ಬೈಕಿಲಿ ಬನ್ನಿ. ಯಾರ ಹತ್ರನೂ ದಾರಿ ಕೇಳದೆ ಊಟದ ಹೊತ್ತಿಗೆ ಬಂದರೆ ಬೈಕ್ ಇರ್ಲಿ. ಕೇಳಿದರೆ ಮಾರುದೇ."

"ಫೋನಿನ ಮ್ಯಾಪು?"

"ಅದೂ ಕೇಳಿದ ಹಾಂಗೆನೇ."

ಕೊಡಗಿನ ಸಿದ್ದಾಪುರದ ನಮ್ಮ ಮನೆಯಿಂದ ಬೆಳಿಗ್ಗೆಯೇ ಹೊರಟೆ. ಅರ್ಧ ದಾರಿಯವರೆಗೆ ನನ್ನ ನೆನಪು ಮತ್ತು ರಸ್ತೆ ಪರಸ್ಪರ ಸಹಕರಿಸಿದವು. ಆಮೇಲೆ ಡಾಂಬರು ಬಿಟ್ಟು ತೋಟಗಳ ನಡುವಿನ ದಾರಿ ಹಿಡಿದೆ. ಹಲಸಿನ ಮರದ ಬಳಿ ಎಡಕ್ಕೆ ತಿರುಗಬೇಕು, ಇದು ಖಚಿತ. ಕೊಡಗಿನಲ್ಲಿ ಹಲಸಿನ ಮರಕ್ಕೆ ಬರವಿಲ್ಲ ಎಂಬುದು ಸುಮಾರು ಎಡ ತಿರುವುಗಳಾದ ಮೇಲೆ ಹೊಳೆಯಿತು.

ಒಂದು ಪೆಟ್ಟಿಗೆ ಅಂಗಡಿಯ ಮುಂದೆ ಕುಳಿತಿದ್ದ ಅಜ್ಜ ಕೇಳಿದ: "ಎಲ್ಲಿಗೆ?"

ಹೇಳಿದರೆ ದಾರಿಯನ್ನೂ ಹೇಳಿಬಿಡುತ್ತಾನೆ. "ಸುಮ್ಮನೆ," ಎಂದೆ.

ಸ್ವಲ್ಪ ಹೊತ್ತಿನಲ್ಲಿ ಅದೇ ಅಂಗಡಿ ಎದುರಾಯಿತು.

"ಮತ್ತೂ ಸುಮ್ನೆಯಾ?" ಎಂದ ಅಜ್ಜ.

ಅವನ ಕಣ್ಣು ತಪ್ಪಿಸಲೆಂದೇ, ತೆರೆದಿದ್ದ ಒಂದು ತೋಟದ ಗೇಟಿನೊಳಗೆ ನುಗ್ಗಿದೆ. ಕಾಫಿಗೆ ಹೂವಿನ ನೀರು ಕೊಡುವ ಕಾಲ ಅದು. ಮಳೆ ಬಾರದಿದ್ದರೆ ಕೆರೆಗೆ ಪಂಪಿಟ್ಟು, ಸ್ಪ್ರಿಂಕ್ಲರಿನಲ್ಲಿ ಮೊಗ್ಗಿನ ಮೇಲೆ ಮಳೆ ಸುರಿಸಬೇಕು. ನೀರು ಸಾಲದಿದ್ದರೆ ಮೊಗ್ಗು ಅರಳದೆ ಕಮರುತ್ತದೆ, ವರ್ಷದ ಫಸಲೂ ಹೋಗುತ್ತದೆ. ಹಾಗಾಗಿ ದಾರಿಗೆ ಅಡ್ಡ ಮಲಗಿರುವ ಪೈಪನ್ನು ಇಲ್ಲಿಯವರು ಹಾವನ್ನು ದಾಟುವಷ್ಟು ಗೌರವದಿಂದ ದಾಟುತ್ತಾರೆ. ಎರಡೂ ಬದಿ ಮಣ್ಣು ಏರಿಸಿ ಅದಕ್ಕೆಂದೇ ಜಾಗ ಮಾಡಿರುತ್ತಾರೆ.

ನಾನು ಆ ಜಾಗ ಬಿಟ್ಟು, ಸರಿಯಾಗಿ ಪೈಪಿನ ಜೋಡಣೆಯ ಮೇಲೆ ಚಕ್ರ ಏರಿಸಿದೆ.

ಫಟ್ ಎಂದಿತು. ನೀರಿನ ಕಂಬವೊಂದು ಮೇಲೆದ್ದು, ಸಿಲ್ವರ್ ಓಕ್ ಮರದ ಎತ್ತರ ನೋಡಿಕೊಂಡು, ನನ್ನ ಮೇಲೆ ಇಳಿಯಿತು. ಬೈಕ್ ಕೆಮ್ಮಿ ನಿಂತಿತು. ಇಳಿಜಾರಿನಲ್ಲಿ ತಿರುಗುತ್ತಿದ್ದ ಸ್ಪ್ರಿಂಕ್ಲರುಗಳು ಒಂದೊಂದಾಗಿ ತಲೆ ತಗ್ಗಿಸಿದವು. ನಾನು ಜೋಡಣೆಯನ್ನು ಕೈಯಿಂದ ಒತ್ತಿ ಹಿಡಿದೆ. ಸಾಲದೆ ಅದರ ಮೇಲೆ ಕುಳಿತೆ. ನೀರು ನನ್ನ ವಿದ್ಯಾರ್ಹತೆಗೆ ಬೆಲೆ ಕೊಡಲಿಲ್ಲ.

ತೋಟದ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಓಡಿಬಂದ. ಹೊಸಬ, ಮಲಯಾಳಿ.

"ಎಂದಾ ಸಾರೇ ಇದ್? ಪಬ್ಲಿಕ್ ರೋಡ್ ಅಲ್ಲ ಇದ್. ಹೂವಿನ ನೀರ್ ಹೋಯಿತಲ್ಲಾ."

ಕ್ಷಮೆ ಕೇಳಬಹುದಿತ್ತು. ಆದರೆ ಪೈಪಿನ ಮೇಲೆ ಕುಳಿತವನಿಗೆ ಮರ್ಯಾದೆಯ ಚಿಂತೆ ಹೆಚ್ಚು. "ನೋಡಪ್ಪ, ನನ್ನ ಷಡ್ಡಕ ಯಾರು ಗೊತ್ತಾ? ಕುಟ್ಟದ ತಮ್ಮಯ್ಯ. ಒಂದು ಮಾತು ಹೇಳಿದರೆ ನಿನ್ನ ಯಜಮಾನನೇ ಬಂದು..."

"ಯಾವ ತಮ್ಮಯ್ಯ?"

"ಚೌಡ್ಲು ತೋಟದ ತಮ್ಮಯ್ಯ."

ರೈಟರ್ ನನ್ನನ್ನೂ ಪೈಪನ್ನೂ ನೋಡಿದ. "ಸಾರೇ, ನೀವು ಕೂತದ್ ತಮ್ಮಯ್ಯ ಸಾರಿನ ಪೈಪ್ ಮೇಲೆ."

ನಾನು ತಲುಪಿದ್ದೆ! ಯಾವಾಗಲೂ ಮುಂದಿನ ಗೇಟಿನಿಂದ ತಮ್ಮಯ್ಯನ ಕಾರಿನಲ್ಲಿ ಬಂದವನಿಗೆ ಹಿಂದಿನ ಗೇಟು ಗುರುತು ಸಿಕ್ಕಿರಲಿಲ್ಲ, ಅಷ್ಟೇ. ಬೈಕ್ ಉಳಿದಿತ್ತು. ಆ ಸಂತೋಷದಲ್ಲಿ ಎದ್ದು ನಿಂತು ಕೇಳಿದೆ: "ಹಾಗಾದರೆ ಮನೆಗೆ ಯಾವ ಕಡೆ ಹೋಗಬೇಕು?"

"ಕೇಳಿದಿರಿ," ಎಂದಿತು ಮೇಲಿನ ಅಂಗಳದಿಂದ ಒಂದು ಸ್ವರ. ಸ್ಪ್ರಿಂಕ್ಲರ್ ನಿಂತದ್ದೇಕೆ ಎಂದು ನೋಡಲು ಬಂದ ಪುಷ್ಪಾ, ಬೇಲಿಯ ಆಚೆ ಕೈಕಟ್ಟಿ ನಿಂತಿದ್ದಳು.

ಊಟದ ಹೊತ್ತಿಗೆ ತಲುಪಿದ್ದಂತೂ ನಿಜ. ತಮ್ಮಯ್ಯ ಪೈಪು ಜೋಡಿಸಲು ಹೋದದ್ದರಿಂದ ಊಟದ ಹೊತ್ತೇ ಸಂಜೆಗೆ ಹೋಗಿತ್ತು. ಬೈಕ್ ಸ್ಟಾರ್ಟ್ ಆಗಲಿಲ್ಲ. ಅದನ್ನು ಅವನ ಶೆಡ್ಡಿನಲ್ಲಿ ಬಿಟ್ಟು, ಅವನದೇ ಅಂಗಿ ತೊಟ್ಟು, ಬಸ್ಸಿನಲ್ಲಿ ಹಿಂದಿರುಗಿದೆ. ಅಂಗಿ ದೊಡ್ಡದಾಗಿತ್ತು, ಅಥವಾ ನಾನು ಸಣ್ಣವನಾಗಿದ್ದೆ.

ವಾರ ಕಳೆದು ತಮ್ಮಯ್ಯ ಒಂದು ಫೋಟೊ ಕಳಿಸಿದ. ಅದೇ ತಿರುವು, ಅದೇ ಪೈಪು. ಸುತ್ತಲಿನ ಗಿಡಗಳಲ್ಲಿ ಎಲೆ ಕಾಣದಷ್ಟು ಬಿಳಿ ಹೂವು. "ಇಡೀ ತೋಟ ಅರಳಿದೆ, ಈ ಮೂಲೆ ಎಲ್ಲಕ್ಕಿಂತ ಜೋರು. ನಿಮ್ಮ ಬೈಕೂ ರೆಡಿ," ಎಂದು ಬರೆದಿದ್ದ. ನಾನೇ ನೀರು ಹಾಯಿಸಿದೆ ಎಂದು ನನ್ನ ನೆನಪು ಆಗಲೇ ತಿದ್ದಿಕೊಳ್ಳತೊಡಗಿತು.

ಪುಷ್ಪಾ ಫೋಟೊವನ್ನು ತುಂಬ ಹೊತ್ತು ನೋಡಿದಳು. "ಕೇಳಿದ್ದು ಅಂಗಳದ ಬುಡಕ್ಕೆ ತಲ್ಪಿದ ಮೇಲೆ ಅಲ್ಲವಾ, ಲೆಕ್ಕಕ್ಕಿಲ್ಲ ಬಿಡಿ. ಬೈಕ್ ಇರ್ಲಿ. ಆದರೆ ಹಿಂದೆ ನಾ ಕೂರ್ತೆನೆ."

ಮುಂದಿನ ರಜೆಗೆ ಹೋಗಿ ಬೈಕ್ ತಂದೆವು. ಹಿಂದಿರುಗುವಾಗ ಹಲಸಿನ ಮರದ ಬಳಿ ನನ್ನ ನೆನಪು ಎಡಕ್ಕೆ ಎಂದಿತು, ಪುಷ್ಪಾ ಬಲಕ್ಕೆ ಎಂದಳು. ಬಲಕ್ಕೆ ತಿರುಗಿದೆ. ಪೆಟ್ಟಿಗೆ ಅಂಗಡಿಯ ಅಜ್ಜ ಅಲ್ಲೇ ಕುಳಿತಿದ್ದ.

"ಇವತ್ತ್ ಎಲ್ಲಿಗೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪುಷ್ಪಾ, "ಮನೆಗೆ," ಎಂದಳು.

ಅಜ್ಜ ಅವಳನ್ನು ನೋಡಿದ, ನನ್ನನ್ನು ನೋಡಿದ.

"ಹಾಂಗಾರೆ ತಲ್ಪುವಿರಿ," ಎಂದ.